ಫಿಸಿಯೋಥೆರಪಿ ಉನ್ನತ ಪದವಿ: ಶುಲ್ಕ ಕಟ್ಟುವ ಮುನ್ನ

ವರ್ತಕ ಕುಟುಂಬಗಳ ಮಕ್ಕಳು ಅಂಗಡಿ, ಕಾರ್ಖಾನೆಗಳಾಚೆಯ ವೃತ್ತಿಗಳನ್ನೂ ಆರಿಸಿಕೊಳ್ಳುತ್ತಿದ್ದಾರೆ. ಫಿಸಿಯೋಥೆರಪಿ ಅವುಗಳಲ್ಲೊಂದು. ಬಿ.ಪಿ.ಟಿ. ಮುಗಿಸಿದವರ ಮುಂದೆ ಇಲ್ಲಿಯೇ 2 ವರ್ಷಗಳ ಎಂ.ಪಿ.ಟಿ. ಇದೆ, ಅಮೆರಿಕದ ಡಿ.ಪಿ.ಟಿ.ಯೂ ಇದೆ.

ಮಾದರಿ ನೋಡದೆ ಸರಕು ಕೊಳ್ಳದ ವರ್ತಕರು ಪದವಿಯ ಹೆಸರನ್ನಷ್ಟೇ ನೋಡಿ ಹಣ ತೊಡಗಿಸುವುದು ಸಲ್ಲದು. ಅಮೆರಿಕದಲ್ಲಿ ಡಿ.ಪಿ.ಟಿ. ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ವ್ಯಾಸಂಗಗಳಿವೆ. ವೃತ್ತಿಪ್ರವೇಶಕ್ಕೆಂದೇ ರೂಪಿತವಾದುದು ಸುಮಾರು 3 ವರ್ಷಗಳದು. ಅದಕ್ಕೆ ‘ಕ್ಯಾಪ್ಟಿ’ ಎಂಬ ಸಂಸ್ಥೆ ಮಾನ್ಯತೆ ನೀಡುತ್ತದೆ. ಈಗಾಗಲೇ ಫಿಸಿಯೋಥೆರಪಿಸ್ಟ್ ಆದವರಿಗೆಂದು ಇರುವ ಅಲ್ಪಾವಧಿಯ ಡಿ.ಪಿ.ಟಿ.ಗೆ ಈ ಮಾನ್ಯತೆ ಇರುವುದಿಲ್ಲ. ಅದನ್ನು ಪಡೆದ ಮಾತ್ರಕ್ಕೆ ಅಲ್ಲಿ ಚಿಕಿತ್ಸೆ ನೀಡುವ ಪರವಾನಗಿ ದೊರೆಯದು. ಭಾರತದ ಪದವೀಧರರು ತಮ್ಮ ಮೂಲ ವ್ಯಾಸಂಗದ ಮೌಲ್ಯಮಾಪನ ಮಾಡಿಸಿ, ರಾಷ್ಟ್ರೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಇದನ್ನರಿಯದೆ ಸಾಲ ಮಾಡಿದರೆ ಅಸಲೇ ಕೈತಪ್ಪೀತು.

ಊರಿನಲ್ಲಿಯೇ ಚಿಕಿತ್ಸಾಲಯ ತೆರೆಯುವವರಿಗೆ ಎಂ.ಪಿ.ಟಿ. ಹತ್ತಿರದ ದಾರಿ. ಅಲ್ಲಿಯೂ ಕಟ್ಟಡದ ಅಂದಕ್ಕಿಂತ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ನೋಡುವುದು ಲೇಸು. ಮೂಳೆ-ಸ್ನಾಯು, ನರರೋಗ, ಹೃದಯ-ಶ್ವಾಸಕೋಶ ಇವುಗಳಲ್ಲಿ ವಿದ್ಯಾರ್ಥಿ ಆರಿಸಿದ ವಿಭಾಗಕ್ಕೆ ಸಾಕಷ್ಟು ರೋಗಿಗಳು ಬರುವರೇ, ಅನುಭವಿ ಮಾರ್ಗದರ್ಶಕರಿರುವರೇ ಎಂದು ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಬಹುದು. ಕೈಗೆ ಪಳಗುವ ವಿದ್ಯೆ ರೋಗಿಗಳಿಲ್ಲದೆಡೆ ಬಾರದು.

ವೃತ್ತಿ ಎಲ್ಲಿ ನಡೆಸಬೇಕೆಂಬುದು ಮೊದಲು ನಿರ್ಧಾರವಾಗಲಿ. ಕಾಲೇಜಿನ ಆಯ್ಕೆ ಆನಂತರ.