ಪಹಣಿಯ ಹಿಂದೊಂದು ಸರ್ವರ್

ಹೊಲದ ಪಹಣಿ ಬೇಕೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತ ಹಿಂದೆ ಮೊದಲು ಹುಡುಕಬೇಕಾಗಿದ್ದುದು ಗ್ರಾಮ ಲೆಕ್ಕಿಗರನ್ನು. ಮೂರ್ನಾಲ್ಕು ಹಳ್ಳಿಗಳ ದಫ್ತರ ಒಬ್ಬರ ಕೈಯಲ್ಲಿ. ಅವರು ಸಿಕ್ಕರೆ ಪಹಣಿ. ಪಹಣಿ ಸಿಕ್ಕರೆ ಬ್ಯಾಂಕಿನ ಬೆಳೆಸಾಲ. ನಾರಾಯಣಪುರದ ಕಾಲುವೆಯಲ್ಲಿ ನೀರು ಹರಿದ ಮೇಲಂತೂ ಆ ಹಾಳೆಯ ತೂಕ ಇನ್ನೂ ಹೆಚ್ಚಿತು.

ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ 1991ರಲ್ಲಿ ನಡೆದದ್ದು ಗುಲ್ಬರ್ಗಾ ಜಿಲ್ಲೆಯಲ್ಲಿ. ಈ ಮೂರೂ ತಾಲ್ಲೂಕುಗಳು ಆಗ ಅದಕ್ಕೇ ಸೇರಿದ್ದವು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಆದರೆ ಖಾತೆ ಬದಲಾವಣೆ ನಡೆಯುವ ತಾಲ್ಲೂಕು ಕಚೇರಿಗೆ ಆ ಯೋಜನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹೊಲ ಕೈಬದಲಾದರೂ ಗಣಕದಲ್ಲಿ ಹಳೆಯ ಹೆಸರೇ ಉಳಿಯುತ್ತಿತ್ತು.

ಈ ಕೊರತೆ ನೀಗಿಸಿದ್ದು ‘ಭೂಮಿ’ ಯೋಜನೆ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಅದರ ಕೇಂದ್ರಗಳು ತೆರೆದವು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶಕ್ಕೆ ಆಧಾರ ವಿಂಡೋಸ್ ಎನ್‌ಟಿ ಎಂಬ ಕಾರ್ಯಾಚರಣಾ ವ್ಯವಸ್ಥೆ.

<b>ಹೊಂದಿಕೆಯಾದರೆ ಮಾತ್ರ</b>

ಸರ್ವರ್ ಎಂದರೆ ಬರಿಯ ದೊಡ್ಡ ಕಂಪ್ಯೂಟರ್ ಅಲ್ಲ. ಉಳಿದ ಕಂಪ್ಯೂಟರ್‌ಗಳು ಕೇಳಿದ್ದನ್ನು ಒದಗಿಸುವ ಯಜಮಾನ. ಎನ್‌ಟಿ 4.0 ಅಳವಡಿಸುವ ಮುನ್ನ ಯಂತ್ರದ ಭಾಗಗಳನ್ನು ಮೈಕ್ರೋಸಾಫ್ಟ್‌ನ ಹೊಂದಾಣಿಕೆ ಪಟ್ಟಿಯೊಡನೆ ತಾಳೆ ನೋಡಬೇಕಾಗಿತ್ತು. ಜಾತಕ ನೋಡಿ ಮದುವೆ ಮಾಡಿದ ಹಾಗೆ! ಡಿಸ್ಕ್ ನಿಯಂತ್ರಕದ ಗುರುತು ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ತಯಾರಕರು ಕೊಟ್ಟ ಫ್ಲಾಪಿಯಿಂದ ಅದರ ಚಾಲಕ ತಂತ್ರಾಂಶ ತುಂಬಿಸಬೇಕು.

ಮೂರು ಫ್ಲಾಪಿ, ಒಂದು ಸಿ.ಡಿ. ಇವಿಷ್ಟೇ ಸಾಮಗ್ರಿ. ಡಿಸ್ಕನ್ನು ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಅಣಿಗೊಳಿಸಿದರೆ ಯಾವ ಕಡತ ಯಾರಿಗೆ ಎಂದು ಕಟ್ಟುಪಾಡು ವಿಧಿಸಬಹುದು. ಸರ್ವರ್ ಜಾಲದ ಯಜಮಾನನೋ, ಬರಿಯ ಸದಸ್ಯನೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು; ಆಮೇಲೆ ಮನಸ್ಸು ಬದಲಾದರೆ ಎಲ್ಲವನ್ನೂ ಮತ್ತೆ ಅಳವಡಿಸಬೇಕಾಗುತ್ತಿತ್ತು. ಎರಡು ಡಿಸ್ಕ್‌ಗಳಿಗೆ ಒಂದೇ ಮಾಹಿತಿ ಬರೆಯುವ ‘ಕನ್ನಡಿ’ ಏರ್ಪಾಡು ಮಾಡಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ.

ಇಷ್ಟು ಜಾಗ್ರತೆ ಏಕೆ? ಮನೆಯ ಕಂಪ್ಯೂಟರ್ ಕೆಟ್ಟರೆ ಒಬ್ಬರಿಗೆ ತೊಂದರೆ. ತಾಲ್ಲೂಕಿನ ಸರ್ವರ್ ಕೆಟ್ಟರೆ ಅಂದು ಬಸ್ ಹಿಡಿದು ಬಂದ ರೈತರೆಲ್ಲ ಬರಿಗೈಯಲ್ಲಿ ಮರಳಬೇಕು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾದ ಮೇಲೆ ಬೇರೆ ದಾರಿಯೂ ಇರಲಿಲ್ಲ. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ತಂಪಾದ ಕೋಣೆ, ಕರೆಂಟು ಹೋದರೆ ಕೈಹಿಡಿಯುವ ಯುಪಿಎಸ್, ದಿನದಿನದ ಪ್ರತಿ ಸರ್ವರ್‌ನಷ್ಟೇ ಮುಖ್ಯ.

ದಾಖಲೆ ತಿದ್ದುವ ಸಿಬ್ಬಂದಿ ಗುರುತಿಗಾಗಿ ಬೆರಳೊತ್ತಬೇಕಿತ್ತು. ತಿದ್ದಿದವರು ಯಾರೆಂಬುದು ಉಳಿಯುತ್ತಿತ್ತು. ಆಗ ಒಂದು ಪಹಣಿಗೆ 15 ರೂಪಾಯಿ. ಕೇಳಿದ ಕೂಡಲೇ ಮುದ್ರಿತ ಹಾಳೆ.

ಮುಂದೆ ತಾಲ್ಲೂಕುಗಳ ಮಾಹಿತಿ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿತು. ಇಂದು ಪಹಣಿ ಅಂತರಜಾಲದಲ್ಲೂ ಸಿಗುತ್ತದೆ. ಸರ್ವರ್ ದೂರ ಹೋಗಿದ್ದರೂ 1991ರ ಪ್ರಯೋಗ ಕಲಿಸಿದ ಪಾಠ ಹಳತಾಗಿಲ್ಲ: ಹೊಲದ ಒಡೆಯ ಬದಲಾದ ದಿನವೇ ಗಣಕದಲ್ಲೂ ಹೆಸರು ಬದಲಾಗಬೇಕು. ಇಲ್ಲವಾದರೆ ಎಂಥ ಯಂತ್ರವಿದ್ದರೂ ಅದು ಹಳೆಯ ದಫ್ತರವೇ.