ಕಣ್ಣಿಲ್ಲದ ಜೀವಕ್ಕೆ ಬೆಳಕಿನ ಅರಿವು

ಬಸದಿಯ ಸ್ವಾಧ್ಯಾಯದಲ್ಲಿ ಜೀವಗಳ ಇಂದ್ರಿಯಭೇದವನ್ನು ಓದುತ್ತಿದ್ದಾಗ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಪಂಡಿತರೇ, ಗಿಡಮರಗಳಿಗೆ ಸ್ಪರ್ಶವೆಂಬ ಒಂದೇ ಇಂದ್ರಿಯ ಎನ್ನುತ್ತೀರಿ. ಕಿಟಕಿಯ ಬಳಿ ಇಟ್ಟ ಗಿಡ ಬೆಳಕಿನತ್ತ ವಾಲುತ್ತದಲ್ಲ, ಕಣ್ಣಿಲ್ಲದೆ ಅದಕ್ಕೆ ಬೆಳಕು ತಿಳಿಯುವುದು ಹೇಗೆ?” ಹಿರಿಯರೊಬ್ಬರು ‘ಅದು ಅದರ ಸ್ವಭಾವ’ ಎಂದು ಮುಗಿಸಿದರು. ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಗಿಡಕ್ಕೆ ನೋಟವಿದೆ ಎಂದಾದರೆ ಏಕೇಂದ್ರಿಯವೆಂಬ ಮಾತೇ ಸಡಿಲವಾಗುತ್ತದೆ.

ಗಿಡ ಬೆಳಕನ್ನು ಅರಿಯುತ್ತದೆ ಎಂಬುದರಲ್ಲಿ ಇಂದು ಸಂದೇಹವಿಲ್ಲ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಎಳೆಮೊಳಕೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1880ರಲ್ಲಿ ಪ್ರಕಟಿಸಿದರು. ಮೊಳಕೆಯ ತುದಿಗೆ ಬೆಳಕು ಬೀಳದಂತೆ ಪುಟ್ಟ ಟೋಪಿ ತೊಡಿಸಿದರೆ ಅದು ಬಾಗಲಿಲ್ಲ; ಬುಡವನ್ನು ಮುಚ್ಚಿ ತುದಿಯನ್ನು ಬಿಟ್ಟರೆ ಬಾಗಿತು. ಬೆಳಕು ತಾಗುವುದು ತುದಿಗೆ, ಬಾಗುವುದು ಅದರ ಕೆಳಗಿನ ಭಾಗ. ನಡುವೆ ಸಂದೇಶವೊಂದು ಹರಿಯಬೇಕು. ಅದನ್ನು ಒಯ್ಯುವ ದ್ರವ್ಯಕ್ಕೆ ಆಕ್ಸಿನ್ ಎಂಬ ಹೆಸರು ಬಂದದ್ದು ಮುಂದಿನ ಶತಮಾನದಲ್ಲಿ. ನೆರಳಿನ ಬದಿಯಲ್ಲಿ ಆಕ್ಸಿನ್ ಹೆಚ್ಚಾಗಿ, ಅಲ್ಲಿನ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ. ಕಾಂಡ ಬೆಳಕಿನ ಕಡೆಗೆ ಬಾಗುತ್ತದೆ.

ಇದಕ್ಕಿಂತಲೂ ವಿಸ್ಮಯಕರವಾದುದು ಬೀಜದ ವಿಚಾರ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟಿಸ್ ಸೊಪ್ಪಿನ ಬೀಜಗಳಿಗೆ ಕೆಂಬೆಳಕನ್ನು ಕೊಟ್ಟರು; ಅವು ಮೊಳೆತವು. ಕೆಂಪಿಗೂ ಆಚೆಯ, ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ದೂರಕೆಂಪು ಬೆಳಕನ್ನು ಅದರ ಬೆನ್ನಿಗೇ ಕೊಟ್ಟರೆ ಮೊಳೆಯಲಿಲ್ಲ. ಎರಡನ್ನೂ ಎಷ್ಟು ಸಲ ಬದಲಿಸಿದರೂ ಕೊನೆಯಲ್ಲಿ ಬಿದ್ದ ಬೆಳಕಿನದೇ ತೀರ್ಮಾನ. ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಈ ಎರಡು ಬೆಳಕುಗಳಿಗೆ ತಕ್ಕಂತೆ ತನ್ನ ರೂಪವನ್ನು ಅತ್ತಿತ್ತ ಬದಲಿಸಿಕೊಳ್ಳುತ್ತದೆ. ಹಸಿರೆಲೆಗಳು ಕೆಂಪನ್ನು ಹೀರಿಕೊಂಡು ದೂರಕೆಂಪನ್ನು ಕೆಳಕ್ಕೆ ಬಿಡುತ್ತವೆ. ಆದ್ದರಿಂದ ದಟ್ಟ ಮರದಡಿಯ ಸಣ್ಣ ಬೀಜ ‘ಮೇಲೆ ಬೇರೆಯವರಿದ್ದಾರೆ’ ಎಂದರಿತಂತೆ ಕಾಯುತ್ತದೆ. ಮಣ್ಣು ಮಗುಚಿದಾಗ ಹೂತಿದ್ದ ಎಷ್ಟೋ ಕಳೆಬೀಜಗಳು ಕ್ಷಣಕಾಲದ ಬೆಳಕಿಗೇ ಎಚ್ಚರಗೊಳ್ಳುತ್ತವೆ.

ನಮ್ಮ ಸೇವಂತಿಗೆ ಬೆಳೆಗಾರರು ಇರುಳಲ್ಲಿ ಹೊಲದ ತುಂಬ ಬಲ್ಬು ಉರಿಸುವುದನ್ನು ಓದುಗರು ಕಂಡಿರಬಹುದು. ಸೇವಂತಿಗೆ ಹೂಬಿಡಲು ದೀರ್ಘವಾದ ಕತ್ತಲೆ ಬೇಕು. ದೀಪದಿಂದ ರಾತ್ರಿಯನ್ನು ತುಂಡರಿಸಿದರೆ ಗಿಡ ಮೊಗ್ಗನ್ನು ಮುಂದೂಡುತ್ತದೆ. ಹಬ್ಬದ ಮಾರುಕಟ್ಟೆಗೆ ಹೂವು ಹೊಂದುತ್ತದೆ. ದೇವರಿಗೆ ಏರಿಸುವ ಹೂವಿನ ಹಿಂದೆ ಹೀಗೊಂದು ಕೃತಕ ಹಗಲು ಇರಬಹುದೆಂಬುದು ನನಗಂತೂ ತಡವಾಗಿ ತಿಳಿಯಿತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಆಗಮವು ವನಸ್ಪತಿಕಾಯಿಕ ಜೀವವನ್ನು ಜಡವೆನ್ನುವುದಿಲ್ಲ. ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಷ್ಯ ಎಂಬ ನಾಲ್ಕು ಪ್ರಾಣಗಳು ಅದಕ್ಕುಂಟು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳೂ ಉಂಟು. ಆಚಾರಾಂಗ ಸೂತ್ರವು ಹುಟ್ಟು, ಬೆಳವಣಿಗೆ, ಕತ್ತರಿಸಿದರೆ ಬಾಡುವಿಕೆ ಇವುಗಳಲ್ಲಿ ಮನುಷ್ಯದೇಹವನ್ನೂ ಗಿಡವನ್ನೂ ಜೊತೆಯಲ್ಲಿಟ್ಟು ಹೋಲಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಕತ್ತಲೆ, ನೆರಳು, ಬಿಸಿಲು, ತಂಪು ಬೆಳಕು ಇವೆಲ್ಲವೂ ಪುದ್ಗಲದ ಪರ್ಯಾಯಗಳು. ಇನ್ನೊಂದು ಸೂಕ್ಷ್ಮವೂ ಇದೆ: ಕಣ್ಣು ವಸ್ತುವನ್ನು ಮುಟ್ಟದೆಯೇ ತಿಳಿಯುತ್ತದೆ, ಚರ್ಮ ಮುಟ್ಟಿಯೇ ತಿಳಿಯುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿ ಈ ಭೇದವನ್ನು ಚರ್ಚಿಸುತ್ತದೆ. ಗಿಡವು ದೂರದ ಸೂರ್ಯಬಿಂಬವನ್ನು ನೋಡುವುದಿಲ್ಲ. ತನ್ನ ಮೈಗೆ ಬಂದು ತಾಗಿದ ಬೆಳಕನ್ನಷ್ಟೇ ಅರಿಯುತ್ತದೆ. ಟೋಪಿ ತೊಡಿಸಿದೊಡನೆ ಅರಿವು ನಿಂತಿತಷ್ಟೆ? ಹಾಗಾದರೆ ಈ ಅರಿವನ್ನು ಸ್ಪರ್ಶದ ಎಲ್ಲೆಯೊಳಗೆ ಇಡಲು ಅಡ್ಡಿಯಿಲ್ಲವೆಂದು ನನ್ನ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಪ್ರಯೋಗಶಾಲೆ ಜೀವತತ್ತ್ವವನ್ನು ಸಿದ್ಧಪಡಿಸಿತು ಎಂದು ಬೀಗುವುದು ಸರಿಯಲ್ಲ. ವಿಜ್ಞಾನ ಹೇಳುವುದು ವರ್ಣದ್ರವ್ಯದ ವಿಷಯವನ್ನು. ಅರಿಯುವ ಆತ್ಮದ ಮಾತು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಆಚಾರ್ಯರೂ ಫೈಟೋಕ್ರೋಮನ್ನು ಬಲ್ಲವರಾಗಿರಲಿಲ್ಲ. ಆದರೂ ಹಸಿರನ್ನು ತುಳಿಯಬಾರದೆಂಬ ಎಚ್ಚರ ಅವರಿಗಿತ್ತು.

ಗೃಹಸ್ಥನಿಗೆ ಸ್ಥಾವರ ಹಿಂಸೆಯನ್ನು ಪೂರ್ತಿ ಬಿಡುವುದು ಅಶಕ್ಯವೆಂದು ಶಾಸ್ತ್ರವೇ ಒಪ್ಪುತ್ತದೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವ ಮನೆಗಳಲ್ಲಿ ಮಕ್ಕಳು ಕಾರಣ ಕೇಳಿದಾಗ ‘ಪದ್ಧತಿ’ ಎನ್ನುವ ಬದಲು ಕಿಟಕಿಯ ಬಳಿಯ ಗಿಡವನ್ನು ತೋರಿಸಬಹುದು. ಮುನಿಗಳ ನಿಯಮ ಇನ್ನೂ ಬಿಗಿ. ಈರ್ಯಾಸಮಿತಿಯಂತೆ ಅವರು ಸೂರ್ಯನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ಆಷಾಢದ ಮಳೆಗೆ ಹಾದಿಬದಿಯ ಮಣ್ಣು ತೊಯ್ದು, ಮೇಲ್ಪದರದ ಬೀಜಗಳು ಅದೇ ಸೂರ್ಯನ ಬೆಳಕು ತಾಗಿ ಮೊಳೆಯತೊಡಗಿದಾಗ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ಒಂದೆಡೆ ನೆಲೆಸುತ್ತಾರೆ.