ಇಳಿದ ಮುಳ್ಳನ್ನು ಓದುವ ಬಗೆ

ಸಣ್ಣ ವಿಮಾನದ ಪೈಲಟ್‌ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ವೇಗ, ಎತ್ತರ, ದಿಕ್ಕುಗಳ ಮೇಲೆ. ಎಂಜಿನ್ ಆಯಿಲ್‌ನ ಒತ್ತಡ ಮತ್ತು ಬಿಸಿಯನ್ನು ತೋರಿಸುವ ಎರಡು ಪುಟ್ಟ ಮುಳ್ಳುಗಳು ಪ್ಯಾನೆಲ್‌ನ ಒಂದು ಬದಿಯಲ್ಲಿ ಜೋಡಿಯಾಗಿ ಕೂತಿರುತ್ತವೆ. ತಿಂಗಳುಗಟ್ಟಲೆ ಹಸಿರು ಪಟ್ಟಿ ಬಿಟ್ಟು ಕದಲದ ಕಾರಣ ಅವು ಇವೆಯೆಂಬುದೇ ಮರೆತುಹೋಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿರುವ ವಿಮಾನ ಸೆಸ್ನಾ 172. 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಅದರ 172ಎಸ್ ಮಾದರಿಯಲ್ಲಿ ಆಯಿಲ್ ಪ್ರೆಶರ್‌ನ ಹಸಿರು ಪಟ್ಟಿ 50ರಿಂದ 90 ಪಿಎಸ್‌ಐ. ಕೆಳಗಿನ ಕೆಂಪು ಗೆರೆ 20ರಲ್ಲಿ, ಮೇಲಿನದು 115ರಲ್ಲಿ. ಮುಳ್ಳು ಕೆಳಗಿನ ಗೆರೆಯತ್ತ ಜಾರಿತೆಂದರೆ ಕಾರಣ ಒಂದು ತಂತಿ ಸಡಿಲವಾದಷ್ಟು ಚಿಕ್ಕದಿರಬಹುದು, ಇಡೀ ಎಂಜಿನ್ ಬಿಚ್ಚಬೇಕಾದಷ್ಟು ದೊಡ್ಡದೂ ಇರಬಹುದು. ಮುಳ್ಳು ಎರಡನ್ನೂ ಒಂದೇ ರೀತಿ ತೋರಿಸುತ್ತದೆ. ಆದ್ದರಿಂದ ಅದನ್ನು ಓದಲು ಒಂದು ಕ್ರಮ ಬೇಕು. ಆಕಾಶದಲ್ಲಿದ್ದಾಗ ಆ ಮುಳ್ಳನ್ನು ನಂಬಬೇಕು, ನೆಲಕ್ಕಿಳಿದ ಮೇಲೆ ಅದನ್ನು ಸಂಶಯಿಸಬೇಕು. ಈ ಕ್ರಮ ತಿರುಗುಮುರುಗಾದರೆ ಅನಾಹುತಕ್ಕೆ ದಾರಿಯಾಗುತ್ತದೆ.

ಆಯಿಲ್ ಪ್ರೆಶರ್ ಅಂದರೆ ಎಂಜಿನ್‌ನಲ್ಲಿ ಎಷ್ಟು ಆಯಿಲ್ ಇದೆ ಎಂಬ ಲೆಕ್ಕ ಎಂದುಕೊಳ್ಳುವವರು ಬಹಳ. ಪ್ರಮಾಣವನ್ನು ತೋರಿಸುವುದು ಡಿಪ್‌ಸ್ಟಿಕ್; ಮುಳ್ಳು ಹೇಳುವುದು ಬೇರೆಯದನ್ನು. ಎರಡು ಹಲ್ಲುಚಕ್ರಗಳ ಪಂಪ್ ಎಂಜಿನ್‌ನ ತಳದ ಸಂಪ್‌ನಿಂದ ಆಯಿಲನ್ನು ಎಳೆದು, ಕೂಲರ್ ಮತ್ತು ಫಿಲ್ಟರ್ ದಾಟಿಸಿ, ಕ್ರ್ಯಾಂಕ್‌ಶಾಫ್ಟ್ ಕೂತಿರುವ ಬೇರಿಂಗ್‌ಗಳಿಗೆ ತಳ್ಳುತ್ತದೆ. ಪಂಪ್ ಕೊಡುವುದು ಹರಿವನ್ನು ಮಾತ್ರ. ಆ ಹರಿವು ಬೇರಿಂಗ್‌ಗಳ ಕೂದಲೆಳೆಯಂಥ ಸಂದುಗಳಲ್ಲಿ ತೂರಿಕೊಂಡು ಹೋಗುವಾಗ ಎದುರಿಸುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ರಭಸ ಏರುತ್ತದೆ, ಬೆರಳು ಸಡಿಲಿಸಿದರೆ ನಲ್ಲಿಯಿಂದ ಬರುವ ನೀರು ಅಷ್ಟೇ ಇದ್ದರೂ ರಭಸ ಇಳಿಯುತ್ತದೆ. ಎಂಜಿನ್‌ನಲ್ಲಿ ಆ ಹೆಬ್ಬೆರಳಿನ ಕೆಲಸ ಬೇರಿಂಗ್‌ಗಳದ್ದು. ಅವು ಸವೆದು ಸಂದು ಅಗಲವಾದರೆ ಒತ್ತಡ ಇಳಿಯುತ್ತದೆ. ಆಯಿಲ್ ಕಾದು ತೆಳ್ಳಗಾದರೂ ಇಳಿಯುತ್ತದೆ, ಪಂಪ್ ದಣಿದರೂ ಇಳಿಯುತ್ತದೆ. ಪಂಪ್ ಬೇಕಾದದ್ದಕ್ಕಿಂತ ಹೆಚ್ಚು ತಳ್ಳಿದಾಗ ಮಿಕ್ಕಿದ್ದನ್ನು ಸಂಪ್‌ಗೆ ವಾಪಸು ಬಿಡಲು ಒಂದು ರಿಲೀಫ್ ವಾಲ್ವ್ ಇರುತ್ತದೆ. 172ಎಸ್‌ಗೆ ಶಕ್ತಿ ಕೊಡುವಂಥ ಲೈಕಮಿಂಗ್ ಎಂಜಿನ್‌ಗಳಲ್ಲಿ ಅದು ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಉಕ್ಕಿನ ಗುಂಡು. ಸ್ಪ್ರಿಂಗ್ ಸೋತರೆ, ಗುಂಡಿನಡಿ ಕಸ ಸಿಕ್ಕಿಕೊಂಡರೆ, ಆಗಲೂ ಒತ್ತಡ ಸೋರಿಹೋಗುತ್ತದೆ.

ಇಷ್ಟೆಲ್ಲ ಕಾರಣಗಳು ಒಂದೇ ಸಂಖ್ಯೆಯಲ್ಲಿ ಅಡಗಿರುವುದರಿಂದ ಮುಳ್ಳಿನ ಮಾತಿಗೆ ಸಾಕ್ಷಿಗಳು ಬೇಕು: ಆಯಿಲ್‌ನ ಬಿಸಿ, ಎಂಜಿನ್‌ನ ಸುತ್ತುವ ವೇಗ, ಸಂಪ್‌ನಲ್ಲಿರುವ ಪ್ರಮಾಣ, ಹಿಂದಿನ ಹಾರಾಟಗಳಲ್ಲಿ ಅದೇ ಮುಳ್ಳು ನಿಂತಿದ್ದ ಜಾಗ. ಆಕಾಶದಲ್ಲಿ ಕೈಗೆ ಸಿಗುವುದು ಮೊದಲ ಎರಡೇ. ಸೆಸ್ನಾದ ಕೈಪಿಡಿ ಕೊಡುವ ಸೂಚನೆಯೂ ಅವುಗಳಲ್ಲಿ ಮೊದಲನೆಯದರ ಮೇಲೆಯೇ ನಿಂತಿದೆ. ಒತ್ತಡ ಇಳಿದಿದೆ, ಬಿಸಿ ಮಾತ್ರ ಎಂದಿನಂತಿದೆ ಎಂದಾದರೆ ಗೇಜ್ ಅಥವಾ ರಿಲೀಫ್ ವಾಲ್ವ್ ಕೆಟ್ಟಿರುವ ಸಾಧ್ಯತೆಯಿದೆ. ಹತ್ತಿರದ ಏರೋಡ್ರೋಮ್‌ನಲ್ಲಿ ಇಳಿದು ನೋಡಿ. ಒತ್ತಡ ಪೂರ್ತಿ ಇಲ್ಲವಾಗಿ ಬಿಸಿಯೂ ಏರುತ್ತಿದ್ದರೆ ಎಂಜಿನ್ ಇನ್ನು ಹೆಚ್ಚು ಹೊತ್ತು ಉಳಿಯದು. ಕೂಡಲೇ ಪವರ್ ಇಳಿಸಿ, ಇಳಿಯಲು ಬಯಲು ಹುಡುಕಿ. ಸೂಚನೆ ಒಳ್ಳೆಯದೇ, ಆದರೆ ಅದರಲ್ಲಿ ಒಂದು ಬಿರುಕಿದೆ. ಬಿಸಿ ಅಳೆಯುವ ಸೆನ್ಸರ್ ಆಯಿಲ್‌ನಲ್ಲಿ ಮುಳುಗಿದ್ದಾಗ ಮಾತ್ರ ಸತ್ಯ ಹೇಳಬಲ್ಲದು. ಪೈಪ್ ಒಡೆದು ಆಯಿಲ್ ಪೂರ್ತಿ ಹೊರಗೆ ಹೋಗಿಬಿಟ್ಟರೆ ಅದರ ಸುತ್ತ ಅಳೆಯಲು ಏನೂ ಉಳಿಯುವುದಿಲ್ಲ. ಬಿಸಿಯ ಮುಳ್ಳು ಏರದೆ ನಿಂತಲ್ಲೇ ನಿಲ್ಲಬಹುದು, ಇಳಿಯಲೂಬಹುದು. ಹೀಗಾಗಿ 'ಬಿಸಿ ಸರಿಯಾಗಿದೆ' ಎಂಬುದು ಹಾರಾಟ ಮುಂದುವರಿಸಲು ಸಿಕ್ಕ ಅನುಮತಿಯಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗೇಜ್‌ಗಳು, ಅದರಲ್ಲೂ ಎಂಜಿನ್‌ನ ಕಂಪನದ ನಡುವೆ ಕೂತಿರುವ ವಿದ್ಯುತ್ ಸೆನ್ಸರ್‌ಗಳು, ಕೆಡುವುದು ಸಾಮಾನ್ಯ. ಪ್ರತಿ ಬಾರಿ ಮುಳ್ಳು ಬಿದ್ದಾಗಲೂ ಯಾವುದೋ ಊರಲ್ಲಿ ಇಳಿಯುತ್ತಾ ಹೋದರೆ ಹಾರುವುದು ಯಾವಾಗ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡು ತಪ್ಪುಗಳ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಳ್ಳೆಯ ಎಂಜಿನನ್ನು ಕೆಟ್ಟಿದೆಯೆಂದು ತಿಳಿದು ಇಳಿದರೆ ಅರ್ಧ ದಿನವೂ ಒಂದಷ್ಟು ದುಡ್ಡೂ ಹೋಗುತ್ತವೆ. ಕೆಟ್ಟ ಎಂಜಿನನ್ನು ಒಳ್ಳೆಯದೆಂದು ತಿಳಿದು ಹಾರಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್‌ಗಳು ಬಿಗಿದುಕೊಂಡು ಪ್ರೊಪೆಲ್ಲರ್ ನಿಲ್ಲಬಹುದು. ಸಣ್ಣ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಇರುವುದು ಒಂದೇ. ಎರಡರ ನಡುವೆ ಯಾವುದು ಎಂದು ಮೇಲಿದ್ದುಕೊಂಡು ತಿಳಿಯಲು ಸಾಧ್ಯವಿಲ್ಲದ ತನಕ, ತಿಳಿದವರಂತೆ ವರ್ತಿಸುವುದು ಜೂಜಾಗುತ್ತದೆ.

ಆಯಿಲ್ ಇಲ್ಲದ ಎಂಜಿನ್‌ಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ವಾಯುಯಾನ ಚರಿತ್ರೆಯಲ್ಲಿ ಒಂದು ದೊಡ್ಡ ಸಾಕ್ಷಿಯಿದೆ. 1935ರ ಮೇ ತಿಂಗಳಲ್ಲಿ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್, ಪಿ.ಜಿ. ಟೇಲರ್ ಮತ್ತು ಜಾನ್ ಸ್ಟಾನೇಜ್ 'ಸದರ್ನ್ ಕ್ರಾಸ್' ಎಂಬ ಮೂರು ಎಂಜಿನ್‌ಗಳ ವಿಮಾನದಲ್ಲಿ ಅಂಚೆ ಹೊತ್ತು ಆಸ್ಟ್ರೇಲಿಯಾದಿಂದ ನ್ಯೂಜಿಲೆಂಡ್‌ಗೆ ಹೊರಟಿದ್ದರು. ಟಾಸ್ಮನ್ ಸಮುದ್ರದ ಮೇಲೆ ನಡು ಎಂಜಿನ್‌ನ ಹೊಗೆಕೊಳವೆಯ ತುಂಡೊಂದು ಕಿತ್ತು ಬಲಗಡೆಯ ಪ್ರೊಪೆಲ್ಲರ್‌ಗೆ ಬಡಿಯಿತು; ಆ ಎಂಜಿನನ್ನು ನಿಲ್ಲಿಸಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಎಡ ಎಂಜಿನ್‌ನ ಆಯಿಲ್ ಬರಿದಾಗತೊಡಗಿ ಅದರ ಒತ್ತಡ ಕುಸಿಯಿತು. ಗೇಜ್ ಸುಳ್ಳಿರಬಹುದು ಎಂದು ಅವರು ಕಾಯಲಿಲ್ಲ. ಹಾರುತ್ತಿದ್ದ ವಿಮಾನದ ಹೊರಗಿನ ಆಧಾರಕಂಬಿಯ ಮೇಲೆ ಟೇಲರ್ ನಡೆದುಹೋಗಿ, ನಿಂತಿದ್ದ ಎಂಜಿನ್‌ನ ಆಯಿಲನ್ನು ಥರ್ಮಾಸ್ ಫ್ಲಾಸ್ಕ್‌ಗೆ ಬಸಿದು ತಂದು ಎಡ ಎಂಜಿನ್‌ಗೆ ಸುರಿದರು, ಅದೂ ಮತ್ತೆ ಮತ್ತೆ. ವಿಮಾನ ಸಿಡ್ನಿಗೆ ಮರಳಿತು. ಟೇಲರ್‌ಗೆ ಸಿಕ್ಕ ಶೌರ್ಯ ಪದಕ ಮುಂದೆ ಜಾರ್ಜ್ ಕ್ರಾಸ್ ಆಗಿ ಬದಲಾಯಿತು. ಸಾಹಸದ ಕಥೆಯಾಗಿ ಇದು ಪ್ರಸಿದ್ಧ. ನಮ್ಮ ವಿಷಯಕ್ಕೆ ಮುಖ್ಯವಾದದ್ದು, ಆ ಮೂವರು ಮುಳ್ಳನ್ನು ನಂಬಿದ ವೇಗ.

ಚಕ್ರಗಳು ನೆಲ ಮುಟ್ಟಿದ ಮೇಲೆ ನಿಯಮ ಬದಲಾಗುತ್ತದೆ. ಈಗ ಮುಳ್ಳಿನ ಮಾತನ್ನು ಪರೀಕ್ಷಿಸದೆ ಎಂಜಿನ್‌ಗೆ ಕೈ ಹಾಕುವುದು ತಪ್ಪು. ಮೊದಲು ಡಿಪ್‌ಸ್ಟಿಕ್. 172ಎಸ್‌ನ ಸಂಪ್‌ನಲ್ಲಿ 8 ಕ್ವಾರ್ಟ್, ಅಂದರೆ ಸುಮಾರು 7.6 ಲೀಟರ್ ಆಯಿಲ್ ಹಿಡಿಯುತ್ತದೆ. 5 ಕ್ವಾರ್ಟ್‌ಗಿಂತ ಕಡಿಮೆಯಿದ್ದರೆ ಹಾರಬಾರದು. ಆಮೇಲೆ ಎಂಜಿನ್‌ನ ಹೊದಿಕೆಯಾದ ಕೌಲಿಂಗ್ ಬಿಚ್ಚಿ ಸೋರಿಕೆ ಹುಡುಕಬೇಕು. ವಿಮಾನದ ಹೊಟ್ಟೆಯ ಮೇಲೆ ಹಿಂದಕ್ಕೆ ಹರಿದ ಆಯಿಲ್ ಗೆರೆಗಳು ಎಷ್ಟೋ ಸಲ ಅಲ್ಲೇ ಉತ್ತರ ಹೇಳಿಬಿಡುತ್ತವೆ. ಮೂರನೆಯದಾಗಿ, ನಿಖರವೆಂದು ಖಾತ್ರಿಯಾದ ಇನ್ನೊಂದು ಗೇಜನ್ನು ಎಂಜಿನ್‌ಗೆ ನೇರವಾಗಿ ಜೋಡಿಸಿ ಎರಡರ ಓದನ್ನು ಹೋಲಿಸಬೇಕು. ಆಯಿಲನ್ನೇ ಸಣ್ಣ ಕೊಳವೆಯಲ್ಲಿ ಪ್ಯಾನೆಲ್‌ವರೆಗೆ ತರುವ ಹಳೆಯ ವಿಮಾನಗಳಲ್ಲಿ, ಕೊಳವೆ ಒಡೆದರೆ ಆಯಿಲ್ ಒಮ್ಮೆಗೇ ಖಾಲಿಯಾಗದಿರಲೆಂದು ಅದರ ಬುಡದಲ್ಲಿ ಕಿರಿದಾದ ತೂತು ಇಟ್ಟಿರುತ್ತಾರೆ. ಆ ತೂತಿಗೆ ಕಸ ಕಟ್ಟಿಕೊಂಡರೆ ಎಂಜಿನ್ ಗಟ್ಟಿಯಾಗಿದ್ದರೂ ಮುಳ್ಳು ಮಂಕಾಗುತ್ತದೆ. ಈ ಮೂರು ಕೆಲಸಗಳಿಗೆ ತಗಲುವುದು ಕೆಲವು ಗಂಟೆ. ಇವನ್ನು ಬಿಟ್ಟು ಪಂಪ್ ಬಿಚ್ಚಲು ಹೊರಟರೆ ದುಡ್ಡಿನ ಜೊತೆಗೆ ಹೊಸ ತಪ್ಪುಗಳಿಗೂ ದಾರಿ ತೆರೆದಂತೆ.

ಗೇಜ್ ಸತ್ಯವನ್ನೇ ಹೇಳುತ್ತಿದೆ ಎಂದು ಖಚಿತವಾದ ಮೇಲೆ ಒತ್ತಡ ಯಾವಾಗ, ಹೇಗೆ ಇಳಿಯಿತು ಎಂಬುದು ದಾರಿ ತೋರಿಸುತ್ತದೆ. ಎಂಜಿನ್ ನಿಧಾನವಾಗಿ ಸುತ್ತುವಾಗ ಒತ್ತಡ ಸರಿಯಿದ್ದು, ವೇಗ ಏರಿಸಿದಾಗ ಕುಸಿದರೆ ಪಂಪ್‌ಗೆ ಎಳೆದುಕೊಳ್ಳಲು ಸಾಕಷ್ಟು ಆಯಿಲ್ ಸಿಗುತ್ತಿಲ್ಲವೆಂದು ಅರ್ಥ. ಸಂಪ್‌ನ ಜಾಲರಿ ಕಟ್ಟಿರಬಹುದು ಅಥವಾ ಎಳೆಯುವ ಬದಿಯಲ್ಲಿ ಗಾಳಿ ಸೇರುತ್ತಿರಬಹುದು. ಬಿಸಿಯಾದ ಎಂಜಿನ್ ನಿಧಾನಕ್ಕೆ ಸುತ್ತುವಾಗ ಮಾತ್ರ ಒತ್ತಡ ತೀರಾ ಇಳಿದರೆ ಬೇರಿಂಗ್ ಸವೆತವನ್ನೋ, ಸರಿಯಾಗಿ ಕೂರದ ರಿಲೀಫ್ ವಾಲ್ವ್‌ನ ಗುಂಡನ್ನೋ ಸಂಶಯಿಸಬೇಕು. ಇದ್ದಕ್ಕಿದ್ದಂತೆ ಬಿದ್ದು ತಾನಾಗಿಯೇ ಚೇತರಿಸಿಕೊಂಡರೆ ಗುಂಡಿನಡಿ ಚೂರೊಂದು ಬಂದುಹೋಗಿರಬಹುದು. ಆಯಿಲ್ ಬಿಸಿಯೂ ಹೆಚ್ಚಿದ್ದರೆ ಕೂಲರ್, ಅದಕ್ಕೆ ಗಾಳಿ ತಿರುಗಿಸುವ ತಗಡುಗಳು, ಬಿಸಿಗೆ ತಕ್ಕಂತೆ ಆಯಿಲನ್ನು ಕೂಲರ್‌ನತ್ತ ಕಳಿಸುವ ವಾಲ್ವ್, ಇವನ್ನು ನೋಡದೆ ಬೇರೆಲ್ಲೂ ಕೈ ಹಾಕಬಾರದು. ಎಂಜಿನ್ ಶುರುವಾಗಿ 30 ಸೆಕೆಂಡಿನೊಳಗೆ ಒತ್ತಡ ಏಳದಿದ್ದರೆ ಮಾತ್ರ ಯೋಚನೆಗೆ ಸಮಯವಿಲ್ಲ. ಮೊದಲು ಎಂಜಿನ್ ನಿಲ್ಲಿಸಬೇಕು.

ಈ ತಾಳ್ಮೆಯನ್ನು ಕೆಡಿಸುವ ಆಮಿಷವೊಂದು ಎಂಜಿನ್‌ನ ಮೇಲೆಯೇ ಕೂತಿದೆ. ಅನೇಕ ಲೈಕಮಿಂಗ್ ಎಂಜಿನ್‌ಗಳಲ್ಲಿ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಬಿಗಿಮಾಡುವ ಸ್ಕ್ರೂ ಇರುತ್ತದೆ. ಹಳೆಯವುಗಳಲ್ಲಿ ವಾಷರ್ ಸೇರಿಸಿ ಬಿಗಿಮಾಡುತ್ತಾರೆ. ಸ್ಕ್ರೂ ತಿರುಗಿಸಿದರೆ ಮುಳ್ಳು ಮೇಲೇರುತ್ತದೆ. ತಯಾರಕರೇ ಕೊಟ್ಟ ಸೌಲಭ್ಯ ಬಳಸಿದರೆ ತಪ್ಪೇನು ಎಂದು ಕೇಳಬಹುದು. ಹೊಸದಾಗಿ ಕೂರಿಸಿದ ಅಥವಾ ಓವರ್‌ಹಾಲ್ ಆದ ಎಂಜಿನ್‌ನ ಒತ್ತಡವನ್ನು ಸರಿಯಾದ ಮಟ್ಟಕ್ಕೆ ತರಲು ಅದನ್ನು ಬಳಸುವುದರಲ್ಲಿ ತಪ್ಪೇನಿಲ್ಲ. ವರ್ಷವಿಡೀ 75ರಲ್ಲಿ ನಿಂತಿದ್ದ ಮುಳ್ಳು ಈಗ 58ಕ್ಕೆ ಇಳಿದಿದ್ದರೆ ಸ್ಥಿತಿ ಬೇರೆ. ಸ್ಕ್ರೂ ತಾನಾಗಿ ತಿರುಗಿಲ್ಲ. ಒಳಗೆ ಇನ್ನೇನೋ ಬದಲಾಗಿದೆ. ಬಿಗಿಮಾಡಿ 75ಕ್ಕೆ ತಂದರೆ ಆ ಬದಲಾವಣೆ ಮುಂದುವರಿಯುತ್ತದೆ, ಅದರ ಸುಳಿವು ಮಾತ್ರ ಅಳಿಸಿಹೋಗುತ್ತದೆ. ಹೆಚ್ಚು ದಪ್ಪದ ಆಯಿಲ್ ಹಾಕಿ ಒತ್ತಡ ಏರಿಸುವುದಕ್ಕೂ ಇದೇ ಮಾತು. ಮುಳ್ಳಿಗೆ ಸಮಾಧಾನವಾಗುತ್ತದೆ, ಸವೆದ ಬೇರಿಂಗ್ ಸವೆದೇ ಇರುತ್ತದೆ. ಮೇಲಾಗಿ ತಣ್ಣನೆ ಬೆಳಗಿನಲ್ಲಿ ದಪ್ಪ ಆಯಿಲ್ ಬೇರಿಂಗ್ ತಲುಪಲು ತಡಮಾಡಿ ಸವೆತವನ್ನು ಹೆಚ್ಚಿಸುತ್ತದೆ.

ಬೇರಿಂಗ್ ಸವೆಯುತ್ತಿದೆಯೇ ಎಂದು ತಿಳಿಯಲು ಎಂಜಿನ್ ಬಿಚ್ಚಲೇಬೇಕೆಂದಿಲ್ಲ. ಫಿಲ್ಟರ್ ಇರುವ ಎಂಜಿನ್‌ಗೆ ಪ್ರತಿ 50 ಗಂಟೆಗೆ, ಬರೀ ಜಾಲರಿ ಇರುವುದಕ್ಕೆ 25 ಗಂಟೆಗೆ ಆಯಿಲ್ ಬದಲಿಸಬೇಕೆಂದು ಲೈಕಮಿಂಗ್ ಹೇಳುತ್ತದೆ. ಆಗ ತೆಗೆದ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಅದರ ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ನೋಡಿದರೆ ಲೋಹದ ಚೂರುಗಳು ಕಾಣುತ್ತವೆ. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನ ಭಾಗದ್ದು, ಅಂಟದ್ದು ಬೇರಿಂಗ್ ಅಥವಾ ಪಿಸ್ಟನ್‌ನದಿರಬಹುದು. ಕೆಟ್ಟಿರುವುದು ಪಂಪ್ ಆಗಿರಬಹುದೇ ಎಂಬ ಪ್ರಶ್ನೆಯೂ ಬರಿಯ ಊಹೆಯಲ್ಲ: ಕೆಲವು ಲೈಕಮಿಂಗ್ ಪಂಪ್‌ಗಳ ಹಲ್ಲುಚಕ್ರಗಳು ಮುರಿಯುವ ಭಯವಿದ್ದದ್ದರಿಂದ ಅವನ್ನು ಬದಲಿಸುವಂತೆ ಅಮೆರಿಕದ ವಾಯುಯಾನ ಇಲಾಖೆ 1996ರಲ್ಲಿ ಆದೇಶ ಹೊರಡಿಸಿತ್ತು. ಹಳೆಯ ಎಂಜಿನ್‌ನ ಲಾಗ್‌ಬುಕ್ಕಿನಲ್ಲಿ ಆ ಬದಲಾವಣೆ ದಾಖಲಾಗಿದೆಯೇ ಎಂದು ನೋಡುವುದೂ ರೋಗ ಹುಡುಕುವ ಕೆಲಸದ ಭಾಗವೇ.

ಒಂದು ಎಂಜಿನ್‌ನ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಹೊರಿಸಲೂ ಬಾರದು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿದ ಎರಡು ಸೀಟಿನ 'ಹಂಸ' ವಿಮಾನಕ್ಕೆ ರೋಟ್ಯಾಕ್ಸ್ ಎಂಜಿನ್ ಇದೆ. ರೋಟ್ಯಾಕ್ಸ್ 912 ಸರಣಿಯಲ್ಲಿ ನಿಮಿಷಕ್ಕೆ 3,500 ಸುತ್ತಿಗಿಂತ ಮೇಲೆ ಒತ್ತಡ 2ರಿಂದ 5 ಬಾರ್ ಇರಬೇಕು, ಅದಕ್ಕಿಂತ ಕೆಳಗಿನ ವೇಗದಲ್ಲಿ 0.8 ಬಾರ್ ಇದ್ದರೂ ಸಾಕು. ಸೆಸ್ನಾದಲ್ಲಿ ಕಲಿತ ಕಣ್ಣಿಗೆ ಈ 0.8 ಗಾಬರಿ ಹುಟ್ಟಿಸೀತು, ಏಕೆಂದರೆ ಅದು 12 ಪಿಎಸ್‌ಐ ಕೂಡ ಆಗುವುದಿಲ್ಲ. ರೋಟ್ಯಾಕ್ಸ್‌ನ ಆಯಿಲ್ ಎಂಜಿನ್‌ನ ತಳದಲ್ಲಿರದೆ ಬೇರೊಂದು ಟ್ಯಾಂಕಿನಲ್ಲಿರುತ್ತದೆ. ಡಿಪ್‌ಸ್ಟಿಕ್ ನೋಡುವ ಮೊದಲು, ಇಗ್ನಿಷನ್ ಆಫ್ ಇದೆಯೆಂದು ಖಚಿತಪಡಿಸಿಕೊಂಡು, ಪ್ರೊಪೆಲ್ಲರನ್ನು ಅದು ಸುತ್ತುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ, ಟ್ಯಾಂಕಿನಲ್ಲಿ ಗುಳುಗುಳು ಸದ್ದು ಕೇಳುವವರೆಗೆ ಆಯಿಲನ್ನು ವಾಪಸು ಕಳಿಸಬೇಕು. ಹಾಗೆ ಮಾಡದೆ ಅಳೆದು, ಕಡಿಮೆಯಿದೆಯೆಂದು ಸುರಿದರೆ ಆಯಿಲ್ ಮಿತಿಮೀರುತ್ತದೆ. ಹಿಮ್ಮುಖವಾಗಿ ತಿರುಗಿಸಿದರೆ ಆಯಿಲ್ ದಾರಿಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಕಾಣುವ ಒತ್ತಡದ ತೊಂದರೆ ನಾವೇ ತಂದುಕೊಂಡದ್ದಾಗುತ್ತದೆ.

ಹೊಸ ವಿಮಾನಗಳ ಡಿಜಿಟಲ್ ಮಾನಿಟರ್‌ಗಳು ಪ್ರತಿ ಕ್ಷಣದ ಒತ್ತಡವನ್ನೂ ದಾಖಲಿಸುತ್ತವೆ. ಇನ್ನು ಈ ಹಳೆಯ ವಿವೇಚನೆ ಯಾಕೆ ಎನ್ನುವವರಿದ್ದಾರೆ. ದಾಖಲೆ ದೊಡ್ಡ ಸಹಾಯವೇ. ಆದರೆ ಪರದೆ ಎಷ್ಟೇ ದೊಡ್ಡದಾದರೂ ಅದಕ್ಕೆ ಸುದ್ದಿ ತರುವುದು ಅದೇ ಬೆರಳುದ್ದದ ಸೆನ್ಸರ್. ಅದು ಸುಳ್ಳು ಹೇಳಿದರೆ ಸುಳ್ಳೇ ದಶಾಂಶ ಸಮೇತ ದಾಖಲಾಗುತ್ತದೆ. ಮಾನಿಟರ್ ಇಲ್ಲದ ವಿಮಾನಗಳಿಗೆ ಒಂದು ನೋಟ್‌ಬುಕ್ ಸಾಕು. ಬೆಂಗಳೂರಿನ ಜಕ್ಕೂರಿನಲ್ಲಾಗಲಿ ಬೇರೆಲ್ಲಾಗಲಿ ಹಾರಾಟ ಕಲಿಯುವವರು ಪ್ರತಿ ಬಾರಿಯೂ ಬಿಸಿ ಏರಿದ ಎಂಜಿನ್‌ನ ಒತ್ತಡ, ಆಯಿಲ್‌ನ ಬಿಸಿ, ಸುತ್ತುವ ವೇಗ, ಸುರಿದ ಆಯಿಲ್‌ನ ಪ್ರಮಾಣ ಇವಿಷ್ಟನ್ನು ಬರೆದಿಟ್ಟರೆ, ಮುಳ್ಳು ಇಳಿದ ದಿನ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕಿಲ್ಲ. ಆ ಪುಟಗಳನ್ನು ತೆರೆಯದೆ ಯಾರೂ ರಿಲೀಫ್ ವಾಲ್ವ್‌ನ ಸ್ಕ್ರೂಗೆ ಸ್ಪ್ಯಾನರ್ ಹಚ್ಚಬಾರದು.